1861ರ ಕ್ಯಾರೆಕ್ಟರ್ ಸರ್ಟಿಫಿಕೇಟ್: ಕೊಡಗಿನ ಕೋವಿ ಮತ್ತು ಮನೆಯೊಳಗಿನ ಪ್ರಶ್ನೆ

ಗೋಣಿಕೊಪ್ಪಲಿನಿಂದ ಮಾತಾಡ್ತಾ ಇದೀನಿ. ಹಿಂದೆ ಮಳೆ ಸದ್ದು ಕೇಳಿಸ್ತಾ ಇದ್ರೆ ಸ್ವಲ್ಪ ಸಹಿಸ್ಕೊಳ್ಳಿ. ನಮ್ಮೂರಲ್ಲಿ ಮಳೆ ನಿಲ್ಲೋದನ್ನ ಕಾದು ರೆಕಾರ್ಡ್ ಮಾಡ್ತೀನಿ ಅಂದ್ರೆ ಎಪಿಸೋಡ್ ದೀಪಾವಳಿಗೇ ಬರುತ್ತೆ.

ಕೊಡಗಿನವರು ಬೆಂಗಳೂರಿಗೋ ಮೈಸೂರಿಗೋ ಓದೋಕೆ ಹೋದ್ರೆ ಮೊದಲ ವಾರದಲ್ಲೇ ಮೂರು ಪ್ರಶ್ನೆ ಬರುತ್ತೆ. ಮನೆ ಕಾಫಿ ಪುಡಿ ತಂದಿದೀಯಾ? ಪಂದಿ ಕರಿ ಯಾವಾಗ ತಿನ್ನಿಸ್ತೀಯಾ? ಮೂರನೆಯದು, ಸ್ವಲ್ಪ ದನಿ ತಗ್ಗಿಸಿ: ನಿಮ್ಮ ಮನೇಲೂ ಗನ್ ಇದೆಯಾ? ಲೈಸೆನ್ಸೇ ಬೇಡ್ವಂತೆ ಹೌದಾ?

ಇವತ್ತಿನ ಎಪಿಸೋಡ್ ಆ ಮೂರನೇ ಪ್ರಶ್ನೆ ಬಗ್ಗೆ. ಉತ್ತರ "ಹೌದು, ಕೆಲವರಿಗೆ ಬೇಡ" ಅಂತ. ಆದ್ರೆ ಅದರ ಹಿಂದೆ 160 ವರ್ಷ ದಾಟಿದ ಚರಿತ್ರೆ ಇದೆ. ಆ ಚರಿತ್ರೆಯೊಳಗೆ ಯಾರೂ ಸರಿಯಾಗಿ ಕೇಳದೇ ಬಿಟ್ಟ ಇನ್ನೊಂದು ಪ್ರಶ್ನೆಯೂ ಇದೆ. ಕೋವಿ ಕೊಡುವಾಗ ಸರ್ಕಾರ ಯಾರ ಗುಣನಡತೆ ನೋಡುತ್ತೆ, ಯಾರ ಸುರಕ್ಷತೆಗೋಸ್ಕರ ನೋಡುತ್ತೆ? ಆ ಲೆಕ್ಕದಲ್ಲಿ ಮನೆ ಒಳಗಿರೋ ಹೆಂಗಸು ಬರ್ತಾಳಾ?

ಅಮೆರಿಕದಲ್ಲಿ ಈ ವಾದ ಶುರುವಾಗಿ ಮೂವತ್ತು ವರ್ಷ ಆಯ್ತು. ಬ್ಯಾಕ್‌ಗ್ರೌಂಡ್ ಚೆಕ್ ಅನ್ನೋ ಪದ ನೀವು ರೀಲ್ಸ್‌ನಲ್ಲೂ ಕೇಳಿರ್ತೀರ. ನಮ್ಮಲ್ಲಿ ಇದೇ ವಾದ ಬೇರೆ ವೇಷ ಹಾಕ್ಕೊಂಡು ಕೂತಿದೆ.

ಮೊದಲು ಹಿನ್ನೆಲೆ. ಹಾಲೇರಿ ಅರಸರ ಕಾಲದಲ್ಲಿ ಕೊಡಗಿನಲ್ಲಿ ಜಮ್ಮಾ ಅನ್ನೋ ಭೂಮಿ ಪದ್ಧತಿ ಇತ್ತು. ವಂಶಪಾರಂಪರ್ಯವಾಗಿ ಗದ್ದೆ ನಿಮ್ಮದು, ಆದ್ರೆ ಅರಸ ಕರೆದಾಗ ಆಯುಧ ಹಿಡ್ಕೊಂಡು ಹೋಗಬೇಕು. ಅದಕ್ಕೆ ಪ್ರತಿಯಾಗಿ ಕಂದಾಯ ಅರ್ಧ. ಬ್ರಿಟಿಷರ ಕಾಲದ ದಾಖಲೆಯಲ್ಲೂ ಈ ಲೆಕ್ಕ ಹಾಗೇ ಸಿಗುತ್ತೆ: 100 ಭಟ್ಟಿ ಗದ್ದೆಗೆ ಸಾಗು ಜಮೀನಾದ್ರೆ 10 ರೂಪಾಯಿ, ಜಮ್ಮಾ ಆದ್ರೆ 5 ರೂಪಾಯಿ. ಬಿ.ಕಾಂ. ಓದಿದ ನನಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಸರ್ಕಾರ ಸಂಬಳ ಕೊಡೋ ಬದಲು ತೆರಿಗೆ ರಿಯಾಯಿತಿ ಕೊಟ್ಟು ಸೈನ್ಯ ಇಟ್ಕೊಂಡಿತ್ತು. ಹಾಗಾಗಿ ಈ ನಾಡಲ್ಲಿ ಆಯುಧ ಅನ್ನೋದು ಶೋಕಿ ಅಲ್ಲ, ಜಮೀನಿನ ಜೊತೆ ಬಂದ ಜವಾಬ್ದಾರಿ. ಜಮ್ಮಾ ಹಿಡುವಳಿದಾರರಲ್ಲಿ ಕೊಡವರಷ್ಟೇ ಅಲ್ಲ, ಅರೆಭಾಷೆ ಗೌಡರು ಮತ್ತು ಬೇರೆ ಸಮುದಾಯದವರೂ ಇದ್ದಾರೆ. ಹೊರಗಿನವರು ಇದನ್ನ ಯಾವಾಗಲೂ ಮರೀತಾರೆ.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನ ಇಳಿಸಿ ಕೊಡಗನ್ನ ಕಂಪನಿ ಆಡಳಿತಕ್ಕೆ ಸೇರಿಸ್ಕೊಂಡ್ರು. ಮೂರೇ ವರ್ಷಕ್ಕೆ, 1837ರಲ್ಲಿ ಅಮರಸುಳ್ಯದ ದಂಗೆ. ಅದನ್ನ ಅಡಗಿಸೋಕೆ ಕೊಡಗಿನ ದಿವಾನರು, ಅವರ ಕಡೆಯವರು ಕಂಪನಿ ಪರ ನಿಂತ್ರು, ಪದಕ ಪಡೆದ್ರು. ಇನ್ನೊಂದು ಕಡೆ ಗುಡ್ಡೆಮನೆ ಅಪ್ಪಯ್ಯ ಗೌಡರನ್ನ ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದ್ರು. ಒಂದೇ ನಾಡಿನ ಕತೆ, ಒಂದು ಮನೆಗೆ ಪದಕ, ಒಂದು ಮನೆಗೆ ಹಗ್ಗ. ಈ ವಿಷಯ ಇವತ್ತಿಗೂ ನಮ್ಮಲ್ಲಿ ನಾಜೂಕು, ಹಾಗಾಗಿ ಇಲ್ಲಿಗೆ ಬಿಡ್ತೀನಿ. ಅದಕ್ಕೇ ಒಂದು ಪ್ರತ್ಯೇಕ ಎಪಿಸೋಡ್ ಬೇಕು.

ಆಮೇಲೆ 1857. ಉತ್ತರದಲ್ಲಿ ಸಿಪಾಯಿ ದಂಗೆ ಆದ ಮೇಲೆ ಬ್ರಿಟಿಷರಿಗೆ ಜನರ ಕೈಯಲ್ಲಿ ಆಯುಧ ಇರೋದೇ ಭಯ ಆಯ್ತು. ನಿರಾಯುಧೀಕರಣದ ಕಾಯ್ದೆಗಳು ಬಂದವು. ಕೊಡಗಿನಲ್ಲಿ ಮಾತ್ರ ಆಗ ದಂಗೆ ಏಳಲಿಲ್ಲ. 1861ರ ಫೆಬ್ರವರಿ 26ರಂದು ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಒಂದು ಪ್ರಕಟಣೆ ಹೊರಡಿಸಿದ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅದೇ ಕಬ್ಬನ್. ಕೊಡಗಿನ ಜನ ಗೌರವಸ್ಥರು, ನಿಷ್ಠಾವಂತರು, ಧೈರ್ಯಶಾಲಿಗಳು, ಸರ್ಕಾರಕ್ಕೆ ಸಹಾಯ ಮಾಡಿದವರು, ಹಾಗಾಗಿ ಆಯುಧ ಕಸಿಯೋ ಕಾಯ್ದೆ ಇವರಿಗೆ ಅನ್ವಯಿಸಲ್ಲ ಅನ್ನೋದು ಅದರ ಸಾರ. ಕಬ್ಬನ್ ಕೊನೆಯ ಕೆಲಸಗಳಲ್ಲಿ ಇದೂ ಒಂದು. ಅದಾಗಿ ಎರಡು ತಿಂಗಳಿಗೆ, ಇಂಗ್ಲೆಂಡಿಗೆ ವಾಪಸ್ ಹೋಗ್ತಾ ಸೂಯೆಜ್‌ನಲ್ಲಿ ತೀರಿಕೊಂಡ.

ಈ ಪ್ರಕಟಣೆಯನ್ನ ನಮ್ಮಲ್ಲಿ ಹೆಮ್ಮೆಯಿಂದ ಓದ್ತಾರೆ. ಓದಲಿ. ಆದ್ರೆ ಒಂದು ಸಲ ಅದನ್ನ ಆಡಿಟರ್ ಕಣ್ಣಲ್ಲಿ ನೋಡಿ. ಇದು ಬ್ಯಾಕ್‌ಗ್ರೌಂಡ್ ಚೆಕ್ ಅಲ್ವಾ? ಇಡೀ ಜನಾಂಗಕ್ಕೆ ಒಟ್ಟಿಗೆ, ಒಂದೇ ಸಲ ಮಾಡಿದ ಬ್ಯಾಕ್‌ಗ್ರೌಂಡ್ ಚೆಕ್. ಅರ್ಜಿ ಇಲ್ಲ, ಪೊಲೀಸ್ ರಿಪೋರ್ಟ್ ಇಲ್ಲ, ಒಂದೇ ಹಾಳೆಯ ಕ್ಯಾರೆಕ್ಟರ್ ಸರ್ಟಿಫಿಕೇಟ್. ಆ ಚೆಕ್‌ನಲ್ಲಿ ಕೇಳಿದ ಪ್ರಶ್ನೆಯೂ ಒಂದೇ: ಈ ಜನ ನಮ್ಮ ಮೇಲೆ, ಅಂದ್ರೆ ಸರ್ಕಾರದ ಮೇಲೆ ಗುಂಡು ಹಾರಿಸ್ತಾರಾ? ಇಲ್ಲ ಅಂತ ಖಾತ್ರಿ ಆಯ್ತು, ಮುಗೀತು. ಹೆಂಡತಿ ಮೇಲೆ ಹಾರಿಸ್ತಾರಾ, ಮಗನ ಮೇಲೆ ಹಾರಿಸ್ತಾರಾ ಅನ್ನೋದು ಕಬ್ಬನ್‌ಗೆ ಸಂಬಂಧವೇ ಇಲ್ಲದ ಮಾತು. 1861ರಲ್ಲಿ ಅದನ್ನ ಯಾವ ದೇಶದ ಯಾವ ಸರ್ಕಾರವೂ ಕೇಳ್ತಾ ಇರಲಿಲ್ಲ, ಅದು ಬೇರೆ ಮಾತು.

1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದಲ್ಲಿ ಆಯುಧ ಕಾಯ್ದೆ ಬಂತು. ಭಾರತೀಯರು ಲೈಸೆನ್ಸ್ ಇಲ್ದೇ ಆಯುಧ ಇಟ್ಕೊಳ್ಳೋ ಹಾಗಿಲ್ಲ ಅಂತ. ಇದರ ಮೇಲೆ ದೇಶಕ್ಕೆಲ್ಲ ಸಿಟ್ಟಿತ್ತು. ಅಹಿಂಸೆಯ ಗಾಂಧೀಜಿಯೇ ಇಡೀ ದೇಶವನ್ನ ನಿರಾಯುಧ ಮಾಡಿದ ಈ ಕಾಯ್ದೆಯನ್ನ ಬ್ರಿಟಿಷರ ದುಷ್ಕೃತ್ಯಗಳಲ್ಲೇ ಅತ್ಯಂತ ಕರಾಳವಾದದ್ದು ಅನ್ನೋ ಅರ್ಥದಲ್ಲಿ ಬರೆದಿದ್ದಾರೆ. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ ಆಯುಧ ಹೊಂದುವ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಲ್ಲೇ ಇತ್ತು.

ಇಲ್ಲೊಂದು ನಮ್ಮ ಕರಾವಳಿ ಕನೆಕ್ಷನ್ ಇದೆ. 1948ರ ಡಿಸೆಂಬರ್ ಮೊದಲ ವಾರ, ಸಂವಿಧಾನ ಸಭೆ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಎದ್ದು ನಿಂತು, ಆಯುಧ ಹೊಂದುವ ಹಕ್ಕನ್ನ ಸಂವಿಧಾನದಲ್ಲೇ ಸೇರಿಸಿ ಅಂತ ತಿದ್ದುಪಡಿ ತಂದ್ರು. ಅಂಬೇಡ್ಕರ್ ಒಪ್ಪಲಿಲ್ಲ. ಅಪರಾಧವನ್ನೇ ಕಸುಬು ಮಾಡ್ಕೊಂಡವರೂ ಇದು ನನ್ನ ಹಕ್ಕು ಅಂತ ಬಂದ್ರೆ ಏನು ಮಾಡ್ತೀರಿ ಅನ್ನೋದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯ್ತು. ಹಾಗಾಗಿ ಅಮೆರಿಕದ ಎರಡನೇ ತಿದ್ದುಪಡಿ ತರಹದ್ದು ನಮ್ಮಲ್ಲಿಲ್ಲ. ಇಲ್ಲಿ ಕೋವಿ ಅನ್ನೋದು ಸರ್ಕಾರ ಕೊಡೋ ಅನುಮತಿ. ಕೊಡಗಿನದು ಆ ಅನುಮತಿಗೆ ಕೊಟ್ಟ ವಿನಾಯಿತಿ. "ನಮ್ಮ ಹಕ್ಕು" ಅಂತ ನಾವು ಮಾತಲ್ಲಿ ಹೇಳ್ತೀವಿ, ಕಾಗದದಲ್ಲಿ ಇರೋ ಪದ ವಿನಾಯಿತಿ. ಈ ವ್ಯತ್ಯಾಸ ಮುಂದೆ ಬೇಕಾಗುತ್ತೆ, ನೆನಪಿಟ್ಕೊಳ್ಳಿ.

ಸ್ವಾತಂತ್ರ್ಯ ಬಂದ ಮೇಲೆ 1959ರ ಆಯುಧ ಕಾಯ್ದೆ. ಅದರ 41ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಸಾರ್ವಜನಿಕ ಹಿತಕ್ಕಾಗಿ ಯಾವುದೇ ವ್ಯಕ್ತಿಗಳಿಗೆ ಅಥವಾ ವರ್ಗಕ್ಕೆ ವಿನಾಯಿತಿ ಕೊಡಬಹುದು, ಅದಕ್ಕೆ ಷರತ್ತು ಹಾಕಬಹುದು, ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ 1861ರ ಸೌಲಭ್ಯ ಈ ಸೆಕ್ಷನ್ ಮೂಲಕ ಮುಂದುವರೀತು. ಅಂದ ಮಾತ್ರಕ್ಕೆ ಅಂಗಡಿಗೆ ಹೋಗಿ ಕೊಬ್ಬರಿ ತಂದ ಹಾಗೆ ಕೋವಿ ತರೋಕಾಗಲ್ಲ. ಜಿಲ್ಲಾಧಿಕಾರಿ ಕಚೇರಿಯಿಂದ ವಿನಾಯಿತಿ ಪತ್ರ ಬೇಕು. ಜಿಲ್ಲೆಯ ಹೊರಗೆ ತಗೊಂಡು ಹೋದ್ರೆ ಒಂದು ರೈಫಲ್‌ಗೆ 100 ತೋಟಾ, ಒಂದು ಕೋವಿಗೆ 500 ತೋಟಾ ಅನ್ನೋ ಮಿತಿ ಇದೆ.

2018ರಲ್ಲಿ ಒಬ್ಬ ನಿವೃತ್ತ ಸೇನಾ ಕ್ಯಾಪ್ಟನ್ ಹೈಕೋರ್ಟಿಗೆ ಹೋದ್ರು. ಜನಾಂಗದ ಆಧಾರದ ಮೇಲೆ, ಜಮೀನಿನ ಆಧಾರದ ಮೇಲೆ ಕೋವಿಗೆ ವಿನಾಯಿತಿ ಕೊಡೋದು ಸಮಾನತೆಗೆ ವಿರುದ್ಧ ಅಂತ. ಕೇಸು ನಡೀತಿರುವಾಗಲೇ, 2019ರ ಅಕ್ಟೋಬರ್ 29ರಂದು ಕೇಂದ್ರ ಗೃಹ ಸಚಿವಾಲಯ ಹೊಸ ಅಧಿಸೂಚನೆ ಹೊರಡಿಸಿ ವಿನಾಯಿತಿಯನ್ನ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರ್ 22ರಂದು ಹೈಕೋರ್ಟ್ ಅರ್ಜಿ ವಜಾ ಮಾಡ್ತು. ಕೊಡವರು ಯೋಧ ಪರಂಪರೆಯವರು, ಸ್ವಾತಂತ್ರ್ಯಕ್ಕೆ ಮುಂಚಿನಿಂದ ಈ ಸೌಲಭ್ಯ ಇದೆ, ಮೇಲಾಗಿ ಇದು ಶಾಶ್ವತ ಅಲ್ಲ, ಹತ್ತು ವರ್ಷಕ್ಕೆ, ಷರತ್ತಿನ ಮೇಲೆ ಕೊಟ್ಟದ್ದು ಅನ್ನೋದು ಕೋರ್ಟಿನ ನಿಲುವು.

ಇಷ್ಟೂ ವರ್ಷದ ವಾದದಲ್ಲಿ ಎರಡು ಪಕ್ಷ ಕಾಣ್ತವೆ. ಒಂದು: ಇದು ನಮ್ಮ ಸಂಸ್ಕೃತಿ. ಇನ್ನೊಂದು: ಇದು ಅಸಮಾನತೆ. ಎರಡರಲ್ಲೂ ಹುರುಳಿದೆ. ಕೈಲ್ ಪೊಳ್ದ್ ದಿನ ನೀವು ಒಂದು ಐನ್‌ಮನೆಗೆ ಹೋಗಿ ನೋಡಬೇಕು. ನಾಟಿ ಕೆಲಸ ಮುಗಿದಿರುತ್ತೆ. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ತೊಳೆದು ಒರೆಸಿ ದೀಪದ ಮುಂದೆ ಇಟ್ಟಿರ್ತಾರೆ. ಕೋವಿ ನಳಿಗೆಗೆ ತೋಕ್ ಪೂ ಸಿಕ್ಕಿಸಿರ್ತಾರೆ. ಆ ಹೂವಿನ ಹೆಸರೇ ಕೋವಿ ಹೂ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ, ಅದರಲ್ಲಿ ಹೆಂಗಸರೂ ಇರ್ತಾರೆ, ಗೆಲ್ಲೋರೂ ಇದಾರೆ. ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು. ತೋಟದಲ್ಲಿ ಹಂದಿ, ಆನೆ ಕಾಟ ಬೇರೆ. ಎಸ್ಟೇಟಿನ ನಡುವೆ ಒಂಟಿ ಮನೆ, ಹತ್ತಿರದ ನೆರೆಮನೆಗೆ ಕೂಗಿದ್ರೂ ಕೇಳಿಸಲ್ಲ. ಇದನ್ನೆಲ್ಲ ನೋಡದೇ ದೆಹಲಿಯಲ್ಲೋ ಬೆಂಗಳೂರಿನಲ್ಲೋ ಕೂತು "ಗನ್ ಕಲ್ಚರ್" ಅಂತ ಟ್ವೀಟ್ ಮಾಡೋದು ಸುಲಭ.

ಆದ್ರೆ ಅದೇ ಒಂಟಿ ಮನೆಯನ್ನ ಇನ್ನೊಂದು ಕಡೆಯಿಂದ ನೋಡಿ. ಕೂಗಿದ್ರೆ ಕೇಳಿಸಲ್ಲ ಅನ್ನೋ ಮಾತು ಕಾಡುಹಂದಿಗೆ ಮಾತ್ರ ಅನ್ವಯಿಸುತ್ತಾ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೀವಿ ಅಂದ ಮಹಿಳೆಯರ ಪ್ರಮಾಣ ಶೇ 20.6. ಐದನೇ ಸುತ್ತಿನಲ್ಲಿ ಶೇ 44.4, ದೇಶದ ರಾಜ್ಯಗಳಲ್ಲೇ ಅತಿ ಹೆಚ್ಚು. ಹಿಂಸೆ ಡಬಲ್ ಆಯ್ತೋ, ಹೇಳೋ ಧೈರ್ಯ ಡಬಲ್ ಆಯ್ತೋ, ತಜ್ಞರು ಚರ್ಚೆ ಮಾಡಲಿ. ನನಗೆ ಎರಡೂ ಉತ್ತರ ಸಮಾಧಾನ ಕೊಡಲ್ಲ.

ನಮ್ಮ ಸುತ್ತಮುತ್ತಲೇ ನೋಡೋಣ. ಹೆಸರು ಹೇಳಲ್ಲ, ಸಂಬಂಧಪಟ್ಟವರು ಇಲ್ಲೇ ನಮ್ಮ ನಡುವೆ ಇದ್ದಾರೆ. 2021ರ ಏಪ್ರಿಲ್‌ನಲ್ಲಿ ನಮ್ಮ ಭಾಗದಲ್ಲಿ ಸಂಸಾರದ ಜಗಳ ಮುಗಿದದ್ದು ಮನೆಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚೋದ್ರಲ್ಲಿ. 2025ರ ಮಾರ್ಚ್‌ನಲ್ಲಿ ಒಂದೇ ಮನೆಯ ನಾಲ್ವರು, ಆಗ ಕತ್ತಿ. 2024ರ ಜುಲೈನಲ್ಲಿ ವಿರಾಜಪೇಟೆ ಕಡೆ ಒಬ್ಬ ಹೆಂಗಸು ತನ್ನ ಮನೆಯಲ್ಲೇ ಗುಂಡಿಗೆ ಬಲಿಯಾದಳು, ಆರೋಪ ಗಂಡನ ಮೇಲೆ.

ಇಲ್ಲಿ ಪ್ರಾಮಾಣಿಕವಾಗಿ ಇರಬೇಕು. ಪೆಟ್ರೋಲಿಗೂ ಕತ್ತಿಗೂ ಲೈಸೆನ್ಸ್ ಇಲ್ಲ. ಹಿಂಸೆ ಮಾಡೋನಿಗೆ ಕೋವಿಯೇ ಬೇಕು ಅಂತಿಲ್ಲ. ಕೋವಿ ಇರೋ ಸಾವಿರಾರು ಮನೆಗಳಲ್ಲಿ ಏನೂ ಆಗಿಲ್ಲ ಅನ್ನೋ ವಾದ ನಿಜವೇ. ಆದ್ರೆ ಹೊಡೆಯೋ ಗಂಡಸಿನ ಕೈಗೆ ಕೋವಿ ಸಿಕ್ರೆ ಏನಾಗುತ್ತೆ ಅಂತ ಅಳೆದವರಿದ್ದಾರೆ. ಜಾಕ್ವೆಲಿನ್ ಕ್ಯಾಂಪ್‌ಬೆಲ್ ಅನ್ನೋ ನರ್ಸಿಂಗ್ ಪ್ರೊಫೆಸರ್ ಮತ್ತು ಅವರ ತಂಡ ಅಮೆರಿಕದ 11 ನಗರಗಳಲ್ಲಿ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ್ರು: ಈಗಾಗಲೇ ಹಿಂಸೆ ಇರೋ ಸಂಬಂಧದಲ್ಲಿ ಗಂಡಸಿಗೆ ಬಂದೂಕು ಕೈಗೆಟುಕಿದ್ರೆ ಆ ಹೆಂಗಸು ಕೊಲೆಯಾಗೋ ಅಪಾಯ ಸುಮಾರು ಐದು ಪಟ್ಟು ಜಾಸ್ತಿ. ಗಮನಿಸಿ, ಎಲ್ಲಾ ಮನೆಗಳ ಬಗ್ಗೆ ಅಲ್ಲ, ಹಿಂಸೆ ಆಗಲೇ ಶುರುವಾಗಿರೋ ಮನೆಗಳ ಬಗ್ಗೆ. ಇನ್ನೊಂದು, ಗುಂಡು ಹಾರಲೇಬೇಕು ಅಂತಿಲ್ಲ. ಜಗಳದ ಮಧ್ಯೆ ಒಬ್ಬ ಎದ್ದು ಹೋಗಿ ಗೋಡೆ ಮೇಲಿದ್ದ ಕೋವಿ ತೆಗೆದು ಸುಮ್ಮನೆ ಒರೆಸ್ತಾ ಕೂತ್ರೆ ಸಾಕು. ಅವತ್ತಿನ ಜಗಳ ಅಲ್ಲಿಗೆ ಮುಗಿಯುತ್ತೆ. ಎಫ್‌ಐಆರ್‌ಗೆ ಬರೆಯೋಕೆ ಏನೂ ಸಿಗಲ್ಲ.

ಈಗ ಅಮೆರಿಕ. ಅಲ್ಲಿ 1993ರಲ್ಲಿ ಬ್ರೇಡಿ ಕಾಯ್ದೆ ಬಂತು, 1998ರ ನವೆಂಬರ್‌ನಿಂದ ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ತಕ್ಷಣ ಹಿನ್ನೆಲೆ ಪರಿಶೀಲನೆ ಮಾಡೋ ವ್ಯವಸ್ಥೆ ಶುರುವಾಯ್ತು. 1994ರಲ್ಲಿ ಇನ್ನೊಂದು ಕಾನೂನು: ಸಂಗಾತಿಗೆ ರಕ್ಷಣೆ ಕೊಟ್ಟು ಕೋರ್ಟ್ ಆದೇಶ ಮಾಡಿದ್ರೆ, ಆ ಆದೇಶ ಇರೋವರೆಗೆ ಅವನು ಬಂದೂಕು ಇಟ್ಕೊಳ್ಳೋ ಹಾಗಿಲ್ಲ. 1996ರಲ್ಲಿ ಲಾಟನ್‌ಬರ್ಗ್ ತಿದ್ದುಪಡಿ: ಮನೆಯವರನ್ನ ಹೊಡೆದದ್ದಕ್ಕೆ ಸಣ್ಣ ಶಿಕ್ಷೆ ಆಗಿದ್ರೂ ಬಂದೂಕು ಬಂದ್. ಪೊಲೀಸರಿಗೂ ಸೈನಿಕರಿಗೂ ಇದು ಅನ್ವಯ.

ಕಾಗದದ ಮೇಲೆ ಚೆನ್ನಾಗಿದೆ. ಆದ್ರೆ 2017ರ ನವೆಂಬರ್ 5ರಂದು ಟೆಕ್ಸಸ್‌ನ ಸದರ್‌ಲೆಂಡ್ ಸ್ಪ್ರಿಂಗ್ಸ್ ಅನ್ನೋ ಸಣ್ಣ ಊರಿನ ಚರ್ಚಿನಲ್ಲಿ ಒಬ್ಬ 26 ಜನರನ್ನ ಕೊಂದ, ಆ ಲೆಕ್ಕದಲ್ಲಿ ಇನ್ನೂ ಹುಟ್ಟದ ಒಂದು ಮಗುವೂ ಸೇರಿದೆ. ಅವನು ವಾಯುಪಡೆಯಲ್ಲಿದ್ದಾಗ ಹೆಂಡತಿಯನ್ನೂ ಅವಳ ಪುಟ್ಟ ಮಗನನ್ನೂ ಹೊಡೆದು 2012ರಲ್ಲಿ ಶಿಕ್ಷೆ ಅನುಭವಿಸಿದ್ದ. ಕಾನೂನಿನ ಪ್ರಕಾರ ಅವನಿಗೆ ಬಂದೂಕು ಸಿಗಲೇಬಾರದಿತ್ತು. ಆದ್ರೆ ವಾಯುಪಡೆ ಆ ಶಿಕ್ಷೆಯ ಮಾಹಿತಿಯನ್ನ ಎಫ್‌ಬಿಐಗೆ ಕಳಿಸಿರಲೇ ಇಲ್ಲ. ಅಂಗಡಿಯವನು ಚೆಕ್ ಮಾಡ್ದಾಗ ಕಂಪ್ಯೂಟರ್ ಕ್ಲೀನ್ ಅಂತು. 2023ರಲ್ಲಿ ಅಮೆರಿಕ ಸರ್ಕಾರ ಸಂತ್ರಸ್ತರಿಗೆ 14.45 ಕೋಟಿ ಡಾಲರ್ ಕೊಡೋಕೆ ಒಪ್ಪಿತು. ಎಂಟ್ರಿ ಪಾಸ್ ಮಾಡದೇ ಬಿಟ್ಟ ಒಂದು ಲೆಡ್ಜರ್‌ಗೆ ಇಷ್ಟು ಬೆಲೆ. ಬ್ಯಾಕ್‌ಗ್ರೌಂಡ್ ಚೆಕ್ ಅನ್ನೋದು ಅದರ ಹಿಂದಿರೋ ದಾಖಲೆಯಷ್ಟೇ ಚೆನ್ನಾಗಿರುತ್ತೆ.

ಇನ್ನೊಂದು ಕೇಸ್ ರಹೀಮಿ ಪ್ರಕರಣ. ಪ್ರೇಯಸಿಯನ್ನ ಹೊಡೆದವನ ಮೇಲೆ ರಕ್ಷಣಾ ಆದೇಶ ಇತ್ತು, ಅವನ ಮನೇಲಿ ಬಂದೂಕು ಸಿಕ್ತು. ಇದು ನನ್ನ ಸಂವಿಧಾನಾತ್ಮಕ ಹಕ್ಕು ಅಂತ ಸುಪ್ರೀಂ ಕೋರ್ಟ್‌ವರೆಗೆ ಹೋದ. 2024ರ ಜೂನ್ 21ರಂದು 8-1 ಬಹುಮತದಲ್ಲಿ ಕೋರ್ಟ್ ಅವನ ವಿರುದ್ಧ ತೀರ್ಪು ಕೊಟ್ಟಿತು. ನನಗೆ ಇಷ್ಟ ಆದದ್ದು ಅದರ ಇತಿಹಾಸದ ಭಾಗ. ಹಳೇ ಇಂಗ್ಲಿಷ್ ಕಾನೂನಿನಲ್ಲಿ ಮುಚ್ಚಳಿಕೆ ಪದ್ಧತಿ ಇತ್ತು. ಯಾರಿಂದಲಾದ್ರೂ ಅಪಾಯ ಅನಿಸಿದ್ರೆ ಅವನಿಂದ ಶಾಂತಿ ಕಾಪಾಡ್ತೀನಿ ಅಂತ ಬಾಂಡ್ ಬರೆಸಿಕೊಳ್ಳೋದು. ಹೆಂಡತಿ ಗಂಡನ ಮೇಲೂ ಇದನ್ನ ಕೇಳಬಹುದಿತ್ತು. ಕೋರ್ಟ್ ಇದನ್ನೇ ಆಧಾರ ಮಾಡ್ಕೊಂಡಿತು.

ಯಾಕೆ ಇಷ್ಟ ಆಯ್ತು ಅಂದ್ರೆ, ಆ ಮುಚ್ಚಳಿಕೆ ನಮ್ಮಲ್ಲೂ ಇದೆ! ಹಿಂದೆ ಸಿಆರ್‌ಪಿಸಿ 107 ಅಂತಿದ್ದದ್ದು, 2024ರ ಜುಲೈನಿಂದ ಬಿಎನ್‌ಎಸ್‌ಎಸ್ 126. ಬೇಲಿ ಜಗಳ, ಚುನಾವಣೆ ಗಲಾಟೆ, ಎಲ್ಲಕ್ಕೂ ತಾಲ್ಲೂಕು ಕಚೇರಿಯಲ್ಲಿ ಬಾಂಡ್ ಬರೆಸ್ತಾರಲ್ಲ, ಅದೇ. ನಮ್ಮ ಆಯುಧ ಕಾಯ್ದೆಯ 9ನೇ ಸೆಕ್ಷನ್ ಹೇಳೋದು ಕೇಳಿ: ಇಂಥ ಬಾಂಡ್ ಬರೆದುಕೊಟ್ಟವನು ಅದರ ಅವಧಿ ಮುಗಿಯೋವರೆಗೆ ಬಂದೂಕು ಕೊಳ್ಳೋ ಹಾಗಿಲ್ಲ, ಇಟ್ಟುಕೊಳ್ಳೋ ಹಾಗಿಲ್ಲ. ಹಿಂಸೆಯ ಅಪರಾಧಕ್ಕೆ ಜೈಲು ಶಿಕ್ಷೆ ಆದವನಿಗೆ ಶಿಕ್ಷೆ ಮುಗಿದ ಮೇಲೂ ಐದು ವರ್ಷ ಇದೇ ನಿರ್ಬಂಧ. ಅಂದ್ರೆ ಬಾಗಿಲು ಇದೆ. ಬೇಲಿ ಜಗಳಕ್ಕೆ ಬಳಸ್ತೀವಿ. ಅಡುಗೆಮನೆ ಜಗಳಕ್ಕೆ? "ಗಂಡ ಹೆಂಡ್ತಿ ವಿಷಯ, ಮಾತಾಡಿ ಸರಿ ಮಾಡ್ಕೊಳ್ಳಿ ಅಮ್ಮ" ಅಂತ ಕಳಿಸೋದೇ ಜಾಸ್ತಿ.

2005ರಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಬಂತು, 2006ರ ಅಕ್ಟೋಬರ್ 26ರಿಂದ ಜಾರಿ. ಅಮೆರಿಕದ ರಕ್ಷಣಾ ಆದೇಶ ಇದೆಯಲ್ಲ, ಅದಕ್ಕೆ ಸಮನಾದದ್ದು ಇದರ 18ನೇ ಸೆಕ್ಷನ್. ಇದರ ನಿಯಮಗಳನ್ನ ಓದ್ತಾ 10ನೇ ನಿಯಮದಲ್ಲಿ ಒಂದು ಸಾಲು ಸಿಕ್ಕಾಗ ಎರಡು ಸಲ ಓದಿದೆ. ಮ್ಯಾಜಿಸ್ಟ್ರೇಟ್ ಲಿಖಿತವಾಗಿ ಹೇಳಿದ್ರೆ, ಹಿಂಸೆಯಲ್ಲಿ ಬಳಸಿದ ಆಯುಧವನ್ನ ಪೊಲೀಸರ ಸಹಾಯದಿಂದ ವಶಪಡಿಸಿಕೊಳ್ಳೋದು ರಕ್ಷಣಾಧಿಕಾರಿಯ ಕೆಲಸ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದ ರಕ್ಷಣಾಧಿಕಾರಿ ಅಂದ್ರೆ ಸಿಡಿಪಿಒ, ಅಂಗನವಾಡಿ ನೋಡ್ಕೊಳ್ಳೋ ಅದೇ ಅಧಿಕಾರಿ. ಮೊಟ್ಟೆ, ಹಾಲಿನ ಪುಡಿ ಲೆಕ್ಕದ ಜೊತೆಗೆ ಕೋವಿ ವಶಪಡಿಸಿಕೊಳ್ಳೋ ಹೊಣೆಯೂ ಅವರದೇ!

ಅಂದ್ರೆ ಈ ದೇಶದಲ್ಲಿ ಎರಡು ಕಾನೂನು ಅಕ್ಕಪಕ್ಕ ಇದಾವೆ, ಒಂದಕ್ಕೊಂದು ಮಾತಿಲ್ಲ. ಆಯುಧ ಕಾಯ್ದೆಯ ನಿಷೇಧದ ಪಟ್ಟಿಯಲ್ಲಿ ಬಾಂಡ್ ಇದೆ, ಶಿಕ್ಷೆ ಇದೆ, ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣಾ ಆದೇಶ ಇಲ್ಲ. ಈ ಕಾಯ್ದೆಯ ನಿಯಮದಲ್ಲಿರೋದು "ಹಿಂಸೆಯಲ್ಲಿ ಬಳಸಿದ" ಆಯುಧ ಮಾತ್ರ. ಬೆಲ್ಟಿನಿಂದ ಹೊಡೆದಿದ್ರೆ ಬೆಲ್ಟ್ ವಶ, ಗೋಡೆ ಮೇಲಿನ ಕೋವಿ ಅಲ್ಲೇ ಇರುತ್ತೆ. ಲೈಸೆನ್ಸ್ ಪಡೆಯೋರಿಗೆ 2016ರ ಆಯುಧ ನಿಯಮಗಳ ಪ್ರಕಾರ ಪೊಲೀಸ್ ವರದಿ ಬೇಕು, ಮಾನಸಿಕ ಮತ್ತು ದೈಹಿಕ ಆರೋಗ್ಯದ, ಕುಡಿತ ಅಥವಾ ಮಾದಕ ವ್ಯಸನ ಇಲ್ಲ ಅನ್ನೋ ವೈದ್ಯರ ಪತ್ರ ಬೇಕು. ಇಡೀ ಪ್ರಕ್ರಿಯೆಯಲ್ಲಿ ಹೆಂಡತಿಯನ್ನ ಕೇಳಬೇಕು ಅನ್ನೋ ನಿಯಮ ಇಲ್ಲ. ಕೆನಡಾದಲ್ಲಿ ಬಂದೂಕಿನ ಲೈಸೆನ್ಸ್ ಅರ್ಜಿಯಲ್ಲಿ ಈಗಿನ ಸಂಗಾತಿಯ ಮತ್ತು ಕಳೆದ ಎರಡು ವರ್ಷದಲ್ಲಿ ಬೇರೆಯಾದ ಸಂಗಾತಿಯ ಸಹಿಗೆ ಜಾಗ ಇದೆ. ಸಹಿ ಇಲ್ದಿದ್ರೆ ಅರ್ಜಿ ಬಿದ್ದುಹೋಗಲ್ಲ, ಆದ್ರೆ ಅಧಿಕಾರಿಗಳು ಅವರಿಗೆ ತಿಳಿಸ್ತಾರೆ. ಆಸ್ಟ್ರೇಲಿಯಾ 1996ರಲ್ಲಿ, ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತ ಮೇಲೆ, ಐದು ವರ್ಷದೊಳಗೆ ಕೌಟುಂಬಿಕ ಹಿಂಸೆಯ ಆದೇಶ ಇದ್ದವನಿಗೆ ಲೈಸೆನ್ಸ್ ಇಲ್ಲ ಅಂತ ಎಲ್ಲ ರಾಜ್ಯಗಳೂ ಒಪ್ಪಿದವು.

ಇದನ್ನ ನಮ್ಮಲ್ಲಿ ಮಾತಾಡೋದು ಯಾಕೆ ಕಷ್ಟ? ಕೊಡಗಿನಲ್ಲಿ ಕೋವಿ ಬಗ್ಗೆ ಒಂದು ಪ್ರಶ್ನೆ ಎತ್ತಿದ್ರೆ ಸಾಕು, ವಿನಾಯಿತಿ ಕಿತ್ಕೊಳ್ಳೋಕೆ ಬಂದ್ರು ಅನ್ನೋ ಆತಂಕ. ಆತಂಕಕ್ಕೆ ಕಾರಣವೂ ಇದೆ, ಕೋರ್ಟಿನಲ್ಲಿ ಕೇಸು ನಡೆದದ್ದು ನಿಜ, ಪ್ರತಿ ಚುನಾವಣೆಗೂ ಕೋವಿ ಠೇವಣಿ ಇಡಿ ಅನ್ನೋ ಜಗಳ ಬರೋದು ನಿಜ. ಇಲ್ಲೊಂದು ತಮಾಷೆ ನೋಡಿ. ಯಾವುದೋ ಪಕ್ಷದ ಯಾವುದೋ ಅಭ್ಯರ್ಥಿಗೆ ತೊಂದರೆ ಆಗಬಾರದು ಅಂತ ಕೋವಿ ಸ್ಟೇಷನ್ನಿಗೆ ತರಿಸೋಕೆ ಇಡೀ ಜಿಲ್ಲಾಡಳಿತ ಓಡಾಡುತ್ತೆ. ಒಬ್ಬ ಹೆಂಗಸು "ನನ್ನ ಗಂಡನ ಕೋವಿ ಒಂದು ತಿಂಗಳು ಸ್ಟೇಷನ್ನಲ್ಲಿ ಇಟ್ಕೊಳ್ಳಿ ಸಾರ್" ಅಂತ ಹೋದ್ರೆ ಯಾವ ಫಾರ್ಮ್ ಕೊಡ್ತಾರೆ?

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಒಪ್ಪದವರು ಕಾಮೆಂಟಲ್ಲಿ ಬೈಯಿರಿ. ಸಮುದಾಯದ ಗೌರವ ಬೇರೆ, ವ್ಯಕ್ತಿಯ ನಡತೆ ಬೇರೆ. ಕಬ್ಬನ್ ಕೊಟ್ಟ ಸರ್ಟಿಫಿಕೇಟ್ ಸಮುದಾಯದ್ದು, ಅದು ಇರಲಿ. ಆದ್ರೆ ಹೆಂಡತಿ ಮೇಲೆ ಕೈ ಮಾಡೋನಿಗೆ ಅದರ ನೆರಳಲ್ಲಿ ನಿಲ್ಲೋ ಯೋಗ್ಯತೆ ಇಲ್ಲ. ಕೋವಿಯನ್ನ ದೀಪದ ಮುಂದಿಟ್ಟು ಕೈ ಮುಗಿಯೋ ನಾಡಲ್ಲಿ ಇದನ್ನ ಹೇಳೋಕೆ ದೆಹಲಿಯಿಂದ ಯಾರೂ ಬರಬೇಕಿಲ್ಲ, ಒಕ್ಕದ ಹಿರಿಯರೇ ಹೇಳಬಹುದು. ವಿನಾಯಿತಿ ಅನ್ನೋದು ಷರತ್ತಿನ ಮೇಲೆ ಕೊಟ್ಟದ್ದು ಅಂತ ಹೈಕೋರ್ಟೇ ಹೇಳಿದೆ. ರಕ್ಷಣಾ ಆದೇಶ ಇರೋವರೆಗೆ ಆ ಮನೆಯ ಕೋವಿ ಸ್ಟೇಷನ್ನಲ್ಲಿ ಅನ್ನೋ ಒಂದು ಸಾಲನ್ನ ಷರತ್ತಾಗಿ ಸೇರಿಸಿ ಅಂತ ಸಮುದಾಯದ ಸಂಘಟನೆಗಳೇ ಕೇಳಿದ್ರೆ ವಿನಾಯಿತಿಗೆ ಬಲ ಬರುತ್ತೆ ಹೊರತು ಕಮ್ಮಿ ಆಗಲ್ಲ. ಅದೇ ಸಾಲು ಲೈಸೆನ್ಸ್ ಇರೋ ಕರ್ನಾಟಕದ ಉಳಿದೆಲ್ಲರಿಗೂ ಬರಬೇಕು. ಕೊಡಗಿಗೆ ಮಾತ್ರ ಅಂದ್ರೆ ಅದು ಇನ್ನೊಂದು ಅನ್ಯಾಯ.

ಈಗಿನ ಅಧಿಸೂಚನೆಯ ಅವಧಿ ಮುಗಿಯೋದು 2029ರ ಅಕ್ಟೋಬರ್ 31ಕ್ಕೆ. ಮುಂದುವರಿಸಬೇಕಾದ್ರೆ ಮತ್ತೆ ಮನವಿ, ಮತ್ತೆ ಗೃಹ ಸಚಿವಾಲಯದ ಕಡತ. ಆ ಕಡತದಲ್ಲಿ 1861 ಖಂಡಿತ ಇರುತ್ತೆ. 2005 ಇರುತ್ತಾ ಅನ್ನೋದು ಈಗಿಂದಲೇ ಕೇಳಬೇಕಾದ ಮಾತು.

ಕೇಳ್ತಿರೋರಲ್ಲಿ ಯಾರಿಗಾದ್ರೂ ಇದು ಚರಿತ್ರೆ ಅಲ್ಲ, ಇವತ್ತಿನ ರಾತ್ರಿಯ ವಿಷಯ ಆಗಿದ್ರೆ: ಮಹಿಳಾ ಸಹಾಯವಾಣಿ 181, ತುರ್ತಿಗೆ 112. ದೂರು ಕೊಡುವಾಗ ಮನೆಯಲ್ಲಿ ಕೋವಿ ಇದೆ ಅನ್ನೋದನ್ನ ಮೊದಲ ಸಾಲಲ್ಲೇ ಬರೆಸಿ. ಬಳಸಿಲ್ಲ, ಬರೀ ತೋರಿಸಿದ ಅಂತಾದ್ರೂ ಬರೆಸಿ. ಆಯುಧ ವಶಕ್ಕೆ ತಗೊಳ್ಳಿ ಅಂತ ಮ್ಯಾಜಿಸ್ಟ್ರೇಟ್ ಲಿಖಿತವಾಗಿ ಹೇಳೋ ಅವಕಾಶ 10ನೇ ನಿಯಮದಲ್ಲಿದೆ, ಸಿಡಿಪಿಒ ಆಫೀಸಿನಲ್ಲಿ ಅದನ್ನೇ ಹೆಸರು ಹಿಡಿದು ಕೇಳಿ.

ಮುಂದಿನ ವಾರ, ಮಾತು ಕೊಟ್ಟ ಹಾಗೆ, ಅಮರಸುಳ್ಯ.